ಮೊದಲನೆಯವಳು ಇಬ್ಬನಿ, ಎರಡನೆಯದಕ್ಕೆ ಏನಿಡೋಣ?

ಇಬ್ಬನಿ ಅಮ್ಮ, ಯಲಹಂಕ:

ನಮಸ್ಕಾರ. ನನಗೆ ಈಗ ಎಂಟನೇ ತಿಂಗಳು. ದೊಡ್ಡವಳು ಇಬ್ಬನಿ, ಯುಕೆಜಿ ಓದುತ್ತಿದ್ದಾಳೆ. ಅವಳಿಗೆ ಹೆಸರಿಡುವಾಗ ಏನೂ ಕಷ್ಟ ಆಗಲಿಲ್ಲ. ಆಗ ನಮ್ಮತ್ತೆ ಒಂದು ಮಾತು ಹೇಳಿದ್ದರು, "ಮೊದಲ್ನೇದು ನಿಮ್ಮಿಷ್ಟ ಕಣವ್ವ, ಎರಡ್ನೇದಕ್ಕೆ ನಾನು ಹೇಳ್ತೀನಿ" ಅಂತ. ನಾವು ನಗುತ್ತಾ ಹೂಂ ಅಂದಿದ್ದೆವು. ಈಗ ಆ ಹೂಂ ವಸೂಲಿಗೆ ಬಂದಿದೆ.

ಅತ್ತೆ ಮನೆ ತಿಪಟೂರು ಕಡೆ. ಮನೆದೇವರು ಅರಸೀಕೆರೆ ಹತ್ತಿರದ ಜೇನುಕಲ್ಲು ಸಿದ್ದೇಶ್ವರ. ಗಂಡಾದರೆ ಸಿದ್ದೇಶ, ಹೆಣ್ಣಾದರೆ ಸಿದ್ದಗಂಗಾ ಅನ್ನುವುದು ಅವರ ಆಸೆ. ನನಗೂ ಭಕ್ತಿ ಇದೆ, ಹುಣ್ಣಿಮೆಗೆ ಬೆಟ್ಟ ಹತ್ತಿದವಳೇ ನಾನು. ಆದರೆ ಗಂಡನ ಕಡೆ ಆಗಲೇ ಮೂವರು ಸಿದ್ದೇಶರಿದ್ದಾರೆ: ದೊಡ್ಡ ಸಿದ್ದೇಶ, ಕೊಬ್ಬರಿ ಸಿದ್ದೇಶ, ಬುಲೆಟ್ ಸಿದ್ದೇಶ. ನನ್ನ ಮಗನಿಗೆ ಏನು ಅಂಟುತ್ತದೋ!

ನನ್ನ ತಲೆಬಿಸಿ ಇನ್ನೊಂದು. ಇಬ್ಬನಿ ಅಂತ ಅಚ್ಚಗನ್ನಡ ಹೆಸರಿಟ್ಟು, ಎರಡನೆಯದಕ್ಕೆ ಕಿಯಾನ್, ರೆಯಾಂಶ್ ಅಂದರೆ ಇಬ್ಬರೂ ಬೇರೆ ಬೇರೆ ಮನೆಯವರ ಹಾಗೆ ಕೇಳಿಸುತ್ತದೆ ಅಲ್ವಾ? ಹೆಣ್ಣಿಗಾದರೆ ಸಿರಿ, ಚುಕ್ಕಿ, ಹೊನ್ನಿ ಅಂತ ಸಿಗುತ್ತವೆ. ಗಂಡಿಗೆ ಹುಡುಕಿ ನೋಡಿ, ಸುಸ್ತಾಗುತ್ತೀರಿ. ನನಗೆ ನೇಸರ ಇಷ್ಟ. ಹೆಣ್ಣಾದರೆ ಇಂಚರ ಇಡೋಣ, ಇಬ್ಬರದ್ದೂ 'ಇ' ಆಗುತ್ತದೆ ಅನ್ನುವುದು ನಮ್ಮವರ ಲೆಕ್ಕ. ಗಂಡೋ ಹೆಣ್ಣೋ ಗೊತ್ತಿಲ್ಲ, ಹಾಗಾಗಿ ಎರಡೂ ಬೇಕು. ಅದರ ಮೇಲೆ ನಕ್ಷತ್ರದ ಅಕ್ಷರವನ್ನೂ ನೋಡಬೇಕಂತೆ. ಇಬ್ಬನಿಯಂತೂ ನನ್ನ ಹೊಟ್ಟೆ ಹತ್ತಿರ ಬಾಯಿಟ್ಟು "ಏ ರಾಕೆಟ್" ಅಂತ ಕರೆಯಲು ಶುರು ಮಾಡಿದ್ದಾಳೆ. ಬೇಗ ಏನಾದರೂ ಹೇಳಿ, ಇಲ್ಲದಿದ್ದರೆ ಅದೇ ನಿಂತುಬಿಡುತ್ತದೆ.

ಸುಮಾ (ರಮಾ ಅಲ್ಲ), ದಾವಣಗೆರೆ:

ಒಂದೇ ಅಕ್ಷರ ಮಾತ್ರ ಬೇಡ ಅಕ್ಕ. ಕೈ ಮುಗಿಯುತ್ತೇನೆ. ನಾನು ಸುಮಾ, ತಂಗಿ ರಮಾ. ಅಮ್ಮ ಇವತ್ತಿಗೂ ನನ್ನನ್ನು "ರಮ... ಸುಮ... ಏ ನೀನೇ" ಅಂತ ಕರೆಯುತ್ತಾರೆ. ಅದು ಪರವಾಗಿಲ್ಲ. ನಿಮ್ಮ ಮಕ್ಕಳದ್ದು ಮೊದಲ ಅಕ್ಷರ ಒಂದೇ, ಇನಿಷಿಯಲ್ ಒಂದೇ, ವಿಳಾಸವೂ ಒಂದೇ ಆಗುತ್ತದೆ. ಕವರಿನ ಮೇಲೆ ಬರೀ ಅಕ್ಷರಗಳಿದ್ದರೆ ಅದು ಯಾರದ್ದು ಅಂತ ಒಡೆದು ನೋಡಬೇಕು. ನನ್ನ ಇಂಟರ್‌ವ್ಯೂ ಕಾಗದ ತಂಗಿಯ ಪುಸ್ತಕದ ನಡುವೆ ಸಿಕ್ಕಿದೆ, ತಾರೀಖು ಮುಗಿದ ಮೇಲೆ.

ಪಂಚಾಂಗದ ಮನೆ, ಸಾಗರ:

ತಂಗೀ, ಅಕ್ಷರದ ಚಿಂತೆ ಈಗಲೇ ಯಾಕೆ? ಚಂದ್ರ ಒಂದು ನಕ್ಷತ್ರ ದಾಟುವುದಕ್ಕೆ ಹತ್ತಿರ ಹತ್ತಿರ ಒಂದು ದಿನ ಬೇಕು. ಒಂದು ನಕ್ಷತ್ರಕ್ಕೆ ನಾಲ್ಕು ಪಾದ, ಪಾದಕ್ಕೊಂದು ಅಕ್ಷರ. ಅಂದರೆ ಹೆರಿಗೆ ಆರು ಗಂಟೆ ಆಚೀಚೆ ಆದರೂ ಅಕ್ಷರ ಬದಲಾಗುತ್ತದೆ. 27 ನಕ್ಷತ್ರಕ್ಕೆ ಒಟ್ಟು 108 ಪಾದ. ಅಶ್ವಿನಿಗೆ ಚು, ಚೆ, ಚೋ, ಲಾ. ರೋಹಿಣಿಯಾದರೆ ಓ, ವಾ, ವೀ, ವೂ. ಇವು ಹೇಗೋ ಆಯಿತು. ಆರ್ದ್ರಾ ಮೂರನೇ ಪಾದಕ್ಕೆ ಬಂದಿರುವುದು 'ಙ'! ಆ ಅಕ್ಷರದಲ್ಲಿ ಹೆಸರು ಹುಡುಕಿಕೊಡಿ ನೋಡೋಣ. ಶಾಸ್ತ್ರದಲ್ಲೇ ಇದಕ್ಕೆ ದಾರಿ ಇದೆ. ನಮ್ಮ ಕಡೆ ನಾಮಕರಣದಲ್ಲಿ ಇಡುವುದು ಒಂದೇ ಹೆಸರಲ್ಲ. ದೇವತಾನಾಮ, ಮಾಸನಾಮ, ನಕ್ಷತ್ರನಾಮ, ಕೊನೆಗೆ ಕರೆಯುವ ಹೆಸರು, ಅಂದರೆ ವ್ಯಾವಹಾರಿಕ ನಾಮ. ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಲ್ಲಿ ಬರೆಯುತ್ತೇವೆ. ನಿಮ್ಮಲ್ಲಿ ಪದ್ಧತಿ ಬೇರೆ ಇರಬಹುದು. ಆದರೂ ಸಿದ್ದೇಶನನ್ನು ದೇವರ ಹೆಸರಾಗಿ ತೊಟ್ಟಿಲಲ್ಲಿ ಕರೆಯಿರಿ. ಅತ್ತೆಗೆ ಕೊಟ್ಟ ಮಾತೂ ಉಳಿಯುತ್ತದೆ.

ಸೈಬರ್ ಮಂಜ, ಹಾಸನ:

ಅಕ್ಕ, ಹೆಸರು ಯಾವುದಾದರೂ ಇಡಿ, ಆಸ್ಪತ್ರೆಯಲ್ಲಿ ಅವಸರಕ್ಕೆ ಬರೆಸಬೇಡಿ. ನನ್ನ ಅಂಗಡಿಗೆ ಬರುವವರಲ್ಲಿ ಅರ್ಧ ಜನರ ಗೋಳು ಇದೇ. ಡಿಸ್ಚಾರ್ಜ್ ದಿನ ಯಾರೋ ಫಾರ್ಮ್ ಹಿಡಿದು ಬರುತ್ತಾರೆ, ಅಪ್ಪ ಬಾಯಿಗೆ ಬಂದದ್ದು ಹೇಳುತ್ತಾನೆ, ಆಮೇಲೆ ಅಮ್ಮ ತಿದ್ದುಪಡಿಗೆ ಅಲೆಯುತ್ತಾರೆ. ಜನನ 21 ದಿನದೊಳಗೆ ನೋಂದಣಿ ಆದರೆ ಸಾಕು, ಹೆಸರಿನ ಕಾಲಂ ಖಾಲಿ ಬಿಡಬಹುದು. 12 ತಿಂಗಳೊಳಗೆ ಅರ್ಜಿ ಕೊಟ್ಟರೆ ಶುಲ್ಕವಿಲ್ಲದೆ ಸೇರಿಸುತ್ತಾರೆ. ಅದು ದಾಟಿದರೆ ಶುಲ್ಕ ಕಟ್ಟಬೇಕು. ಸೇರಿಸುವುದು ಸುಲಭ, ಬದಲಾಯಿಸುವುದು ಕಷ್ಟ. ಜನನ ನೋಂದಣಿ ಕಾಯ್ದೆಯ ಹೊಸ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ತಾರೀಖಿನ ದಾಖಲೆ ಅಂದರೆ ಜನನ ಪ್ರಮಾಣಪತ್ರವೇ. ಅದಕ್ಕೇ ಇಷ್ಟು ಹೇಳುತ್ತಿರುವುದು.

ಕನ್ನಡ ಮೇಷ್ಟ್ರು, ಮುಧೋಳ:

ಗಂಡಿಗೆ ಕನ್ನಡದ ಹೆಸರಿಲ್ಲ ಅಂದಿರಲ್ಲ, ನಮ್ಮೂರ ಕಡೆಯವನನ್ನೇ ಮರೆತುಬಿಟ್ಟಿರಾ? ರನ್ನ ಅಂತ ಇಡಿ. ಬಾಯ್ತುಂಬಾ ಕರೆಯಬಹುದು. ಇಂಗ್ಲಿಷಿನಲ್ಲಿ ಬರೆದರೂ ಕೆಡುವುದಿಲ್ಲ. ನೇಸರ ಚೆನ್ನಾಗಿದೆ, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಓದುವವರು ಅದನ್ನು ನೆಸಾರ ಮಾಡಿಬಿಡುತ್ತಾರೆ.

ಇನ್ನೊಂದು ವಿಷಯ. ರನ್ನನಿಗೂ ಇಬ್ಬರು ಮಕ್ಕಳು. ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟ. ಒಂದು ಚಾವುಂಡರಾಯನ ನೆನಪಿಗೆ, ಇನ್ನೊಂದು ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ. ಇಬ್ಬರೂ ಅವನಿಗೆ ಆಸರೆಯಾದವರು. ಪ್ರಾಸ ಇಲ್ಲ, ಒಂದೇ ಅಕ್ಷರವೂ ಇಲ್ಲ. ಅಂಥ ಕವಿಯೇ ತನ್ನ ಮಕ್ಕಳ ಹೆಸರಿಗೆ ಪ್ರಾಸ ಹುಡುಕಲಿಲ್ಲ ನೋಡಿ! ನಿಮ್ಮವರಿಗೆ ಇದನ್ನು ಹೇಳಿ.

ಇಬ್ಬನಿ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಸುಮಾ ಅವರ ಕಾಗದದ ಕಥೆ ಓದಿ ನಮ್ಮವರು 'ಇ' ಬಿಟ್ಟುಕೊಟ್ಟರು. ರಾತ್ರಿ ಅತ್ತೆಗೆ ಫೋನ್ ಮಾಡಿ ರನ್ನ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರೆಯಕ್ಕೆ ಚೆನ್ನಾಗೈತೆ" ಅಂದರು. ಆದರೆ ಷರತ್ತಿದೆ. ತೊಟ್ಟಿಲಿಗೆ ಹಾಕುವಾಗ ನನ್ನ ನಾದಿನಿ ಮಗುವಿನ ಕಿವಿಯಲ್ಲಿ ಮೊದಲು ಸಿದ್ದೇಶ ಅನ್ನಬೇಕು, ರನ್ನ ಆಮೇಲೆ. ಆಗಲಿ ಅಂದೆ. ಹೆಣ್ಣಾದರೆ ಸಿರಿ. ಸಿದ್ದಗಂಗಾದ 'ಸಿ' ಉಳಿಯಿತು ಅಂತ ಅದಕ್ಕೆ ತಕರಾರು ಮಾಡಲಿಲ್ಲ. ನಕ್ಷತ್ರದ ಅಕ್ಷರ ಏನು ಬರುತ್ತದೋ, ಅದು ಜಾತಕದಲ್ಲಿರಲಿ.

ಮಂಜ, ಒಂದು ಡೌಟು. ಇಬ್ಬನಿಯ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇದೆ, ಅದೂ ಬರೀ ಅಕ್ಷರ. ಎರಡನೆಯದಕ್ಕೆ ಅಪ್ಪನ ಹೆಸರು ಪೂರ್ತಿ ಹಾಕಿಸಲಾ?

ಸೈಬರ್ ಮಂಜ, ಹಾಸನ:

ಪಾಸ್‌ಪೋರ್ಟಿಗೆ ಪೂರ್ತಿ ಹೆಸರೇ ವಾಸಿ ಅಕ್ಕ, ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ. ಆದರೆ ಒಬ್ಬಳಿಗೆ ಒಂದು ಥರ, ಇನ್ನೊಬ್ಬರಿಗೆ ಒಂದು ಥರ ಬೇಡ. ಮೊದಲು ದೊಡ್ಡವಳದ್ದು ಸರಿ ಮಾಡಿಸಲು ಆಗುತ್ತದಾ ಅಂತ ನೋಂದಣಿ ಕಚೇರಿಯಲ್ಲಿ ಕೇಳಿ. ಆಗದಿದ್ದರೆ ಎರಡನೆಯದಕ್ಕೂ ಅದೇ ಮಾದರಿ, ಚುಕ್ಕಿ, ಸ್ಪೇಸ್ ಸಮೇತ. ಮತ್ತೆ ಎರಡೂ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಈಗಲೇ ಒಂದು ಚೀಟಿಯಲ್ಲಿ ಬರೆದು ನಿಮ್ಮವರ ಜೇಬಿಗೆ ಹಾಕಿ. ರಾಕೆಟ್ ಅಂತ ಬರೆಸಿಕೊಂಡು ಬಂದಾರು.