ಯೂರೇಲ್ ಪಾಸ್ ಇದೆ, ಪ್ಯಾರಿಸ್‌ನಿಂದ ಹೊರಡುವ ರೈಲಿನಲ್ಲಿ ಸೀಟು ಸಿಗುತ್ತಿಲ್ಲ (5 ಜನ, ಮಕ್ಕಳೂ ಇದ್ದಾರೆ)

ಕುಕ್ಕರಹಳ್ಳಿ_ಅಪ್ಪ

ನಮಸ್ಕಾರ. ಮೇ ಕೊನೆಯಲ್ಲಿ ಯೂರೋಪಿಗೆ ಹೊರಟಿದ್ದೇವೆ. ನಾನು, ಹೆಂಡತಿ, 66ರ ಅಮ್ಮ, 13ರ ಮಗಳು, 9ರ ಮಗ. ಪ್ಯಾರಿಸ್ 3 ರಾತ್ರಿ, ಸ್ವಿಟ್ಜರ್‌ಲೆಂಡ್‌ನ ಇಂಟರ್‌ಲಾಕೆನ್ 5, ವೆನಿಸ್ 2, ರೋಮ್ 3. ಏಜೆಂಟ್ ಒಬ್ಬರು "7 ದಿನದ ಯೂರೇಲ್ ಗ್ಲೋಬಲ್ ಪಾಸ್ ತಗೊಳ್ಳಿ, ಬೇಕಾದ ರೈಲು ಹತ್ತಿ, ಬೇಕಾದಲ್ಲಿ ಇಳಿಯಿರಿ" ಎಂದರು. ಯೂರೋಪಿನ ಹಲವು ದೇಶಗಳ ರೈಲಿಗೆ ಒಂದೇ ಪಾಸು, ರೈಲು ಹತ್ತುವ 7 ದಿನ ನಾವೇ ಆರಿಸಿಕೊಳ್ಳುವುದು. ತೆಗೆದುಕೊಂಡೆವು. ಇನ್ನೂ ಆಕ್ಟಿವೇಟ್ ಮಾಡಿಲ್ಲ.

ಈಗ ಪ್ಯಾರಿಸ್‌ನಿಂದ ಸ್ವಿಟ್ಜರ್‌ಲೆಂಡ್‌ನ ಬಾಸೆಲ್‌ಗೆ ಹೋಗುವ ವೇಗದ ರೈಲು ಟಿಜಿವಿ ಲಿರಿಯಾದಲ್ಲಿ ಪಾಸಿನವರ ಸೀಟು ಹುಡುಕಿದರೆ 5 ಜನಕ್ಕೆ ಇಲ್ಲ ಅನ್ನುತ್ತಿದೆ. ಅದೇ ರೈಲಿಗೆ ಮಾಮೂಲಿ ಟಿಕೆಟ್ ಮಾತ್ರ ಧಾರಾಳವಾಗಿ ಸಿಗುತ್ತಿದೆ! ಬೇರೆ ಫೋನು, ಬೇರೆ ಬ್ರೌಸರ್ ಎಲ್ಲ ನೋಡಿದ್ದಾಯಿತು. ಏನು ತಪ್ಪು ಮಾಡುತ್ತಿದ್ದೇನೆ?

ಇನ್ನೊಂದು. ಮ್ಯೂನಿಕ್‌ನಲ್ಲಿರುವ ಚಿಕ್ಕಪ್ಪನ ಮಗ "ನಾನೇ ಇಂಟರ್‌ರೇಲ್ ಪಾಸ್ ಕೊಡಿಸುತ್ತಿದ್ದೆ" ಅನ್ನುತ್ತಿದ್ದಾನೆ. ಅದು ಆಗುತ್ತದಾ?

ರೈಲುಹುಚ್ಚ

ಫೋನಿನ ತಪ್ಪಲ್ಲ. ಲಿರಿಯಾ, ಯೂರೋಸ್ಟಾರ್ ಥರದ ವೇಗದ ರೈಲುಗಳಲ್ಲಿ ಪಾಸಿದ್ದರೂ ಸೀಟನ್ನು ಬೇರೆ ದುಡ್ಡು ಕೊಟ್ಟು ರಿಸರ್ವ್ ಮಾಡಬೇಕು, ಅದಕ್ಕೆ ಪಾಸಿನವರಿಗೆ ಅಂತ ಬೇರೆ ಕೋಟಾ ಇರುತ್ತದೆ. ನಮ್ಮಲ್ಲಿ ತತ್ಕಾಲ್ ಇಲ್ವಾ, ಹಾಗೇ ಅಂದುಕೊಳ್ಳಿ. ರೈಲು ಖಾಲಿ ಇದ್ದರೂ ಕೋಟಾ ಮುಗಿದರೆ ಮುಗಿಯಿತು. 5ರ ಬದಲು 2 ಮತ್ತು 3 ಅಂತ ಬೇರೆ ಬೇರೆ ರೈಲಿನಲ್ಲಿ ಹುಡುಕಿ ನೋಡಿ.

ಇಂಟರ್‌ರೇಲ್ ಯೂರೋಪಿನಲ್ಲಿ ವಾಸ ಇರುವವರಿಗೆ. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದಲ್ಲ, ಮನೆ ಎಲ್ಲಿದೆ ಅನ್ನುವುದು ಮುಖ್ಯ. ನಿಮ್ಮ ತಮ್ಮ ತನಗೆ ತೆಗೆದುಕೊಳ್ಳಬಹುದು. ನಿಮಗೆ ಯೂರೇಲ್ ಮಾತ್ರ. ಪಾಸಿನಲ್ಲಿ ಹೆಸರು ಇರುತ್ತದೆ, ಪಾಸ್‌ಪೋರ್ಟ್ ಜೊತೆ ತಾಳೆ ನೋಡುತ್ತಾರೆ. ಸುಮ್ನೆ ಆ ಸಾಹಸ ಬೇಡ.

ಬಾಸೆಲ್_ಭಾವ

ಮೊದಲು ಸೀಟಿನ ವಿಷಯ. ಇನ್ನೊಂದು ದಾರಿ ಇದೆ. ಪ್ಯಾರಿಸ್‌ನ ಗಾರ್ ದ ಲೆಸ್ತ್‌ನಿಂದ ಸ್ಟ್ರಾಸ್‌ಬೂರ್ಗ್‌ಗೆ ಟಿಜಿವಿ, ಅಲ್ಲಿಂದ ಬಾಸೆಲ್‌ಗೆ ಟಿಇಆರ್ (ಅಲ್ಲಿನ ಪ್ರಾದೇಶಿಕ) ರೈಲು. ಟಿಇಆರ್‌ಗೆ ರಿಸರ್ವೇಶನ್ ಬೇಡ, ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಬಾಸೆಲ್‌ನಿಂದ ಇಂಟರ್‌ಲಾಕೆನ್ ಓಸ್ಟ್ ನಿಲ್ದಾಣಕ್ಕೆ ನೇರ ರೈಲು. ಸ್ಟ್ರಾಸ್‌ಬೂರ್ಗ್ ಟಿಜಿವಿಗೂ ರಿಸರ್ವೇಶನ್ ಬೇಕೇ ಬೇಕು, ಆದರೆ ಅದು ಫ್ರಾನ್ಸ್ ಒಳಗಿನ ರೈಲಾದ್ದರಿಂದ ಅಗ್ಗ. ಎರಡು ಕಡೆ ರೈಲು ಬದಲಿಸಬೇಕು, ಅಮ್ಮನಿಗೆ ಆಗುತ್ತದಾ ನೋಡಿ. ನೆನಪಿಡಿ, ಲಿರಿಯಾ ಹೊರಡುವುದು ಗಾರ್ ದ ಲಿಯಾನ್‌ನಿಂದ. ನಿಲ್ದಾಣವೇ ಬೇರೆ.

ಆದರೆ ನನ್ನ ಕೇಳಿದರೆ ನಿಮಗೆ ಈ ಪಾಸೇ ಸರಿಯಾದುದಲ್ಲ. ಕಾರಣ ನಿಮ್ಮ ಮಗಳ ವಯಸ್ಸು. ಯೂರೇಲ್‌ನಲ್ಲಿ 4ರಿಂದ 11ರ ಮಕ್ಕಳಿಗೆ ದೊಡ್ಡವರ ಜೊತೆ ಪಾಸ್ ಉಚಿತ. 12 ತುಂಬಿತೋ, ಯೂತ್ ಪಾಸ್. ದೊಡ್ಡವರ ಪಾಸಿಗಿಂತ ಸ್ವಲ್ಪ ಕಡಿಮೆ ಅಷ್ಟೆ. ಸ್ವಿಟ್ಜರ್‌ಲೆಂಡ್‌ನ ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ ಹಾಗಲ್ಲ. ಅಪ್ಪ ಅಥವಾ ಅಮ್ಮನ ಬಳಿ ಪಾಸ್ ಇದ್ದರೆ 16 ತುಂಬುವವರೆಗೆ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್, ದುಡ್ಡೇ ಇಲ್ಲ. ಕಾರ್ಡನ್ನು ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ. ಒಂದೇ ಹುಡುಗಿ ಅಲ್ಲಿ ದೊಡ್ಡವಳು, ಇಲ್ಲಿ ಮಗು.

ಇನ್ನು ನಿಮ್ಮ 7 ದಿನ ಎಲ್ಲಿ ಖರ್ಚಾಗುತ್ತದೆ ನೋಡಿ. ಊರಿಂದೂರಿಗೆ 3. ಉಳಿದ 4 ಇಂಟರ್‌ಲಾಕೆನ್‌ನಲ್ಲಿ. ಅಲ್ಲಿ ನೀವು ಹೋಗುವುದೇ ಗ್ರಿಂಡೆಲ್‌ವಾಲ್ಡ್, ಲೌಟರ್‌ಬ್ರುನ್ನೆನ್ ಥರದ ಬೆಟ್ಟದ ಹಳ್ಳಿಗಳ ಕಡೆಗೆ. ಇಂಟರ್‌ಲಾಕೆನ್ ಓಸ್ಟ್‌ನಿಂದ ಮೇಲಕ್ಕೆ ಹೋಗುವ ಆ ರೈಲುಗಳಲ್ಲಿ ಯೂರೇಲ್ ಪಾಸ್ ನಡೆಯುವುದಿಲ್ಲ, 25% ರಿಯಾಯಿತಿ ಮಾತ್ರ. ಸ್ವಿಸ್ ಪಾಸ್ ಗ್ರಿಂಡೆಲ್‌ವಾಲ್ಡ್, ವೆಂಗೆನ್, ಮ್ಯೂರೆನ್‌ವರೆಗೆ ಪೂರ್ತಿ ನಡೆಯುತ್ತದೆ. ಊರಿನ ಬಸ್ಸು, ತುನ್ ಮತ್ತು ಬ್ರಿಯೆನ್ಸ್ ಸರೋವರದ ದೋಣಿ ಕೂಡ. ಆ ಹಳ್ಳಿಗಳಿಂದ ಮುಂದೆ 3454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್ ರೈಲು ನಿಲ್ದಾಣಕ್ಕೆ ಮಾತ್ರ ಅದರಲ್ಲೂ ದುಡ್ಡು ಕೊಡಬೇಕು, ರಿಯಾಯಿತಿ ಸಿಗುತ್ತದೆ.

ನಾನಾದರೆ: ಪ್ಯಾರಿಸ್–ಬಾಸೆಲ್ ಮಾಮೂಲಿ ಟಿಕೆಟ್. ಬಾಸೆಲ್‌ನಿಂದ ಶುರುವಾಗುವ ಹಾಗೆ 6 ದಿನದ ಸ್ವಿಸ್ ಪಾಸ್ 3, ಮಕ್ಕಳಿಗೆ ಫ್ಯಾಮಿಲಿ ಕಾರ್ಡ್. 6ನೇ ದಿನ ಅದೇ ಪಾಸಿನಲ್ಲಿ ಬ್ರಿಗ್ ದಾಟಿ ಇಟಲಿಯ ಡೊಮೊಡೊಸೊಲಾವರೆಗೆ ಹೋಗಬಹುದು. ಗಡಿ ದಾಟಿದ್ದರೂ ನಡೆಯುತ್ತದೆ! ಅಲ್ಲಿಂದ ಮಿಲಾನ್‌ಗೆ ರೀಜನಲ್ ರೈಲು, ರಿಸರ್ವೇಶನ್ ಇಲ್ಲ. ಮಿಲಾನ್–ವೆನಿಸ್, ವೆನಿಸ್–ರೋಮ್ ಮುಂಗಡ ಟಿಕೆಟ್.

ಅಮ್ಮನಿಗೆ ಮಾತ್ರ ಲೆಕ್ಕ ಸ್ವಲ್ಪ ಉಲ್ಟಾ. ಯೂರೇಲ್‌ನಲ್ಲಿ 60 ದಾಟಿದವರಿಗೆ 10% ಕಡಿಮೆ. ಸ್ವಿಸ್ ಪಾಸಿನಲ್ಲಿ ಹಿರಿಯರಿಗೆ ಏನೂ ಇಲ್ಲ.

ರೈಲುಹುಚ್ಚ

ಭಾವ ಹೇಳಿದ್ದು ಸರಿ. ಒಂದು ತಕರಾರು: ವೀಸಾ ಬಂದಿದೆಯಾ? ಇಟಲಿಯ ಅಗ್ಗದ ಸೂಪರ್ ಎಕಾನಮಿ ಟಿಕೆಟ್ ಒಮ್ಮೆ ಕೊಂಡರೆ ದುಡ್ಡು ವಾಪಸ್ಸಿಲ್ಲ. ಆಕ್ಟಿವೇಟ್ ಮಾಡದ ಯೂರೇಲ್ ಪಾಸನ್ನು ಸ್ವಲ್ಪ ಮುರಿದುಕೊಂಡು ವಾಪಸ್ ತೆಗೆದುಕೊಳ್ಳುತ್ತಾರೆ. ಆದರೆ ಆಫರ್‌ನಲ್ಲಿ ಕೊಂಡಿದ್ದರೆ ಅದೂ ಇಲ್ಲ. ಆ ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಜರ್ಮನಿ, ಆಸ್ಟ್ರಿಯಾದಲ್ಲಿ ತಿರುಗುವವರಿಗೆ ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ. ಫ್ರಾನ್ಸ್, ಇಟಲಿಯ ವೇಗದ ರೈಲಿಗೆ ಆ ಮಾತು ಹೊಂದುವುದಿಲ್ಲ. ಉಚಿತ ಪಾಸಿನ 9 ವರ್ಷದವನಿಗೂ ರಿಸರ್ವೇಶನ್ ದುಡ್ಡು ಕಟ್ಟಲೇಬೇಕು.

ಕುಕ್ಕರಹಳ್ಳಿ_ಅಪ್ಪ

ವೀಸಾ ಹೋದ ವಾರವೇ ಬಂತು. ನಿನ್ನೆ ರಾತ್ರಿ ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆ. ಮಗಳ ಯೂತ್ ಪಾಸು, 15 ರಿಸರ್ವೇಶನ್, ಮೇಲೆ ಗ್ರಿಂಡೆಲ್‌ವಾಲ್ಡ್ ಟಿಕೆಟ್ ಸೇರಿದರೆ ಭಾವನವರ ದಾರಿಯೇ ಅಗ್ಗ. ಆಫರ್‌ನ ಪಾಸ್ ಅಲ್ಲ, ಹಾಗಾಗಿ ವಾಪಸಿಗೆ ಹಾಕಿದ್ದೇನೆ. ಲಿರಿಯಾ ಟಿಕೆಟ್ ಬುಕ್ ಆಯಿತು, ಐದೂ ಒಂದೇ ಬೋಗಿಯಲ್ಲಿ. ಅಮ್ಮನಿಗೆ ಕಿಟಕಿ.

ಕೊನೆಯ ಪ್ರಶ್ನೆ: ವೆನಿಸ್‌ಗೆ ಹುಡುಕಿದರೆ ಎರಡು ಸ್ಟೇಷನ್ ತೋರಿಸುತ್ತದೆ. ಯಾವುದು?

ಬಾಸೆಲ್_ಭಾವ

ಹೋಟೆಲು ದ್ವೀಪದಲ್ಲಿದ್ದರೆ ಸಾಂತಾ ಲೂಚಿಯಾ. ಹೊರಗೆ ಬಂದರೆ ಮೆಟ್ಟಿಲ ಕೆಳಗೇ ಕಾಲುವೆ. ಇನ್ನೊಂದು ಸ್ಟೇಷನ್ ಮೆಸ್ತ್ರೆ, ಅದಕ್ಕಿಂತ ಮೊದಲು ಬರುತ್ತದೆ. ಬೋರ್ಡಿನಲ್ಲಿ ವೆನೆಟ್ಸಿಯಾ (ವೆನಿಸ್) ಅಂತ ಕಂಡ ಕೂಡಲೇ ಸೂಟ್‌ಕೇಸ್ ಇಳಿಸಿಬಿಡಬೇಡಿ.