ನಗರಸಭೆಗೆ ಹೊಸ ಯೋಚನೆ ಬರುವುದು ಎಲ್ಲಿಂದ? (ಕೇರಳದ ಕಾಸರಗೋಡು ಕಡೆಯ ಕನ್ನಡಿಗರ ಹರಟೆ)

ಕುಂಬಳೆ ಮಾಷ್ಟ್ರು: ಪ್ರಶ್ನೆ ನನ್ನದೇ, ಉತ್ತರವೂ ಮೊದಲು ನಾನೇ ಹೇಳುತ್ತೇನೆ. ದುಡ್ಡು ಕೈಯಲ್ಲಿದ್ದರೆ ಯೋಚನೆ ತಾನಾಗಿ ಬರುತ್ತದೆ. 1996ರಲ್ಲಿ ಕೇರಳದಲ್ಲಿ ಜನಕೀಯ ಯೋಜನೆ, ಅಂದರೆ ಜನರೇ ಸೇರಿ ಮಾಡುವ ಯೋಜನೆ, ಶುರುವಾಯಿತು. ರಾಜ್ಯದ ಯೋಜನಾ ಹಣದ ಶೇ. 35-40 ಪಾಲು ಪಂಚಾಯತು, ನಗರಸಭೆಗಳಿಗೆ ಬಂತು. ಎರಡೇ ವರ್ಷದಲ್ಲಿ ಹೆಂಗಸರ ಸ್ವಸಹಾಯ ಕೂಟಗಳ ಕುಟುಂಬಶ್ರೀ ಹುಟ್ಟಿತು.

ಉಪ್ಪಳ ಪೇಟೆ: "ದುಡ್ಡು ಕೈಯಲ್ಲಿ"? ಯಾರ ಕೈಯಲ್ಲಿ ಮಾಷ್ಟ್ರೇ? 20 ರೂಪಾಯಿ ಊಟದ ಜನಕೀಯ ಹೋಟೆಲು ನೆನಪಿದೆಯಾ? ಊಟಕ್ಕೆ 10 ರೂಪಾಯಿ ಸಬ್ಸಿಡಿ ತಿರುವನಂತಪುರದ ಸರಕಾರದ್ದು. 2023ರಲ್ಲಿ ನಿಲ್ಲಿಸಿದರು, ರೇಟು ಏರಿತು.

ಚಂದ್ರಗಿರಿ ದಡ: ಹೋಟೆಲು ನಡೆಸಿದ್ದು ಕುಟುಂಬಶ್ರೀ ಅಕ್ಕಂದಿರು, ಅದನ್ನು ಯಾಕೆ ಬಿಟ್ಟಿರಿ? ಮನೆಮನೆಯ ಪ್ಲಾಸ್ಟಿಕ್ ಒಯ್ಯುವ ಹಸಿರು ಕ್ರಿಯಾಸೇನೆಯಲ್ಲೂ ಅವರೇ. ಹೆಂಗಸರ ಕೂಟ ಮೊದಲೇ ಗಟ್ಟಿಯಾಗಿತ್ತು, ನಗರಸಭೆ ಕೆಲಸ ಒಪ್ಪಿಸಿತು, ಅಷ್ಟೇ.

ಉಪ್ಪಳ ಪೇಟೆ: ಹಸಿರು ಕ್ರಿಯಾಸೇನೆಯಾ? ನಮ್ಮಲ್ಲಿ ಎಲ್ಲರೂ ಹರಿತ ಕರ್ಮಸೇನೆ ಅನ್ನುವುದು.

ಚಂದ್ರಗಿರಿ ದಡ: ಕನ್ನಡದಲ್ಲಿ ಹರಿತ ಅಂದ್ರೆ ಕತ್ತಿಯ ಬಾಯಿ. ಕಸಕ್ಕೆ ಬರುವವರು ಕತ್ತಿ ಹಿಡ್ಕೊಂಡು ಬರ್ತಾರಾ?

ಉಪ್ಪಳ ಪೇಟೆ: ಸಂಸ್ಕೃತದಲ್ಲಿ ಹರಿತ ಅಂದ್ರೆ ಹಸಿರು ಸ್ವಾಮೀ. ಸುಮ್ನೆ ಪೇಪರಿನ ಕನ್ನಡ ತಂದು ಹಾಕಬೇಡಿ.

ಮಧೂರು ಕಡೆಯವ: ನೀವಿಬ್ಬರೂ ಹೆಸರಿಗೆ ಜಗಳ ಆಡಿ. ಬ್ರೆಜಿಲಿನ ಪೋರ್ತೊ ಅಲೆಗ್ರೆಯಲ್ಲಿ 1989ರಿಂದಲೇ ಜನ ಸಭೆಯಲ್ಲಿ ಕೂತು ನಗರದ ಬಜೆಟ್ಟಿನ ಒಂದು ಪಾಲು ಎಲ್ಲಿಗೆ ಹೋಗಬೇಕು ಅಂತ ಹೇಳಿದರು. ನಮ್ಮ ವಾರ್ಡ್‌ಸಭೆಗೆ ಕೋರಂ ತುಂಬಿಸುವುದೇ ಕಷ್ಟ.

ಚಂದ್ರಗಿರಿ ದಡ: ಯಾಕೆ ಕಷ್ಟ? ನೋಟಿಸು ಮಲಯಾಳದಲ್ಲಿ ಬಂದರೆ ನನ್ನ ಅಮ್ಮ ಓದುವುದು ಹೇಗೆ? ಕೇರಳದ 1969ರ ಭಾಷಾ ಕಾನೂನು ನಮಗೆ ಸರಕಾರಕ್ಕೆ ಕನ್ನಡದಲ್ಲಿ ಪತ್ರ ಬರೆಯುವ ಹಕ್ಕು ಕೊಟ್ಟಿತ್ತು.

ಉಪ್ಪಳ ಪೇಟೆ: ಪತ್ರ ಬರೆಯುವ ಹಕ್ಕು! ನೀವು ಬರೆದಿದ್ದೀರಾ ಒಂದಾದರೂ?

ಚಂದ್ರಗಿರಿ ದಡ: ಮೂರು. ಎರಡಕ್ಕೆ ಉತ್ತರ ಬಂತು, ಮಲಯಾಳದಲ್ಲಿ.

ಮಧೂರು ಕಡೆಯವ: ನಾನು ಹೇಳಿದ್ದು ಬಜೆಟ್ಟಿನ ವಿಷಯ. ಯಾರಾದರೂ ಓದಿದಿರಾ?

ಉಪ್ಪಳ ಪೇಟೆ: ಪೋರ್ತೊ ಅಲೆಗ್ರೆಯಲ್ಲಿ ಕನ್ನಡ ನೋಟಿಸು ಉಂಟಾ, ಮೊದಲು ಅದನ್ನು ಹೇಳಿ.

ಕುಂಬಳೆ ಮಾಷ್ಟ್ರು: ನಾನು ಕೇಳಿದ್ದೇನು, ನೀವು ಹೊಡೆದಾಡುವುದೇನು! ಇರಲಿ, ಸಬ್ಸಿಡಿ ವಿಷಯದಲ್ಲಿ ಉಪ್ಪಳದವರ ಮಾತು ಅರ್ಧ ಸರಿ.

ಉಪ್ಪಳ ಪೇಟೆ: ಅರ್ಧ ಯಾಕೆ?