ಒಂದೇ ಹಾಡಿಗೆ ಮೂರು ತಾರೀಖು ಅಂತ ಜಗಳ ಆಡಿದವರಿಗೆ

ಹಲೋ, ಕೇಳಿಸುತ್ತಿದೆಯಾ? ಸರಿ. ನಿನ್ನೆ ರಾತ್ರಿಯ ನಿಮ್ಮ ಜಗಳ ಪೂರ್ತಿ ಓದಿದೆ. ಬ್ರಿಟನ್ನಿನ ರಾಕ್ ತಂಡ ಕ್ವೀನ್ ಹಾಡಿದ ‘ಬೊಹೀಮಿಯನ್ ರ‍್ಯಾಪ್ಸಡಿ’ಗೆ 50 ವರ್ಷ ತುಂಬಿದ್ದು 2025ರ ಅಕ್ಟೋಬರ್‌ನಲ್ಲಿ ಅಂತ ಒಬ್ಬರು, ನವೆಂಬರ್‌ನಲ್ಲಿ ಅಂತ ಇನ್ನೊಬ್ಬರು, ಮಧ್ಯದಲ್ಲಿ ಬಂದ ಮೂರನೆಯವರು ಆಗಸ್ಟ್ ಅಂದು ಬೆಂಕಿಗೆ ತುಪ್ಪ ಸುರಿದು ಹೋದರು. ಟೈಪ್ ಮಾಡುತ್ತಾ ಕೂತರೆ ನನಗೆ ಬೆಳಗಾಗುತ್ತದೆ, ಅದಕ್ಕೇ ವಾಯ್ಸ್ ಮೆಸೇಜ್. ಉದ್ದ ಇದೆ, ಕೆಲಸ ಮಾಡುತ್ತಾ ಕೇಳಿಸಿಕೊಳ್ಳಿ.

ಮೂವರೂ ಹೇಳಿದ್ದು ಸರಿಯೇ. ರೆಕಾರ್ಡಿಂಗ್ ಶುರುವಾಗಿದ್ದು 1975ರ ಆಗಸ್ಟ್ ಕೊನೆಯಲ್ಲಿ, ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ. ಸಿಂಗಲ್ ಆಗಿ, ಅಂದರೆ ಆ ಹಾಡಿನದೇ ಒಂದು ರೆಕಾರ್ಡ್ ಆಗಿ, ಬಿಡುಗಡೆ ಆಗಿದ್ದು ಅಕ್ಟೋಬರ್ 31ಕ್ಕೆ. ಬ್ರಿಟನ್‌ನ ಹಾಡುಗಳ ಮಾರಾಟದ ಪಟ್ಟಿಯಲ್ಲಿ ನಂಬರ್ ಒನ್ ಆಗಿದ್ದು ನವೆಂಬರ್ ಕೊನೆಗೆ, ಆಮೇಲೆ ಒಂಬತ್ತು ವಾರ ಅಲ್ಲಿಂದ ಕದಲಲಿಲ್ಲ. ಇನ್ನೂ ಒಂದು ತಾರೀಖು ನೀವು ಮರೆತಿದ್ದೀರಿ. ಬಿಡುಗಡೆಗೆ ಮೊದಲೇ ಕೆನ್ನಿ ಎವರೆಟ್ ಅನ್ನುವ ರೇಡಿಯೋ ಡಿಜೆ ಕೈಗೆ ಒಂದು ಪ್ರತಿ ಸಿಕ್ಕಿತ್ತು. ಹಾಕಬೇಡ ಅಂತ ಹೇಳಿಯೇ ಕೊಟ್ಟಿದ್ದರು. ಆತ ಒಂದು ವಾರಾಂತ್ಯದಲ್ಲಿ 14 ಸಲ ಹಾಕಿದರು ಅನ್ನುತ್ತಾರೆ! 5 ನಿಮಿಷ 55 ಸೆಕೆಂಡ್ ಇದೆ, ಇಷ್ಟು ಉದ್ದದ ಹಾಡನ್ನು ರೇಡಿಯೋದವರು ಯಾರು ಹಾಕುತ್ತಾರೆ ಅಂತ ರೆಕಾರ್ಡ್ ಕಂಪನಿಯವರು ತಲೆ ಕೆಡಿಸಿಕೊಂಡಿದ್ದಾಗಲೇ ಇದು ನಡೆದುಹೋಯಿತು. ಹಾಗಾದರೆ ಜನ ಮೊದಲು ಕೇಳಿದ ದಿನ ಅದೇ ಅಲ್ವಾ? ಅದನ್ನೇ ಹುಟ್ಟಿದ ದಿನ ಅನ್ನಬಾರದಾ?

ನನ್ನನ್ನು ಕೇಳಿದರೆ ಹಾಡಿಗೆ ಬಿಡುಗಡೆ ತಾರೀಖನ್ನೇ ಹುಟ್ಟುಹಬ್ಬ ಮಾಡುವುದು ಕಂಪನಿಯವರ ಅನುಕೂಲಕ್ಕೆ. ಅದು ಅಂಗಡಿಗೆ ಬಂದ ದಿನ, ಅಷ್ಟೇ. ನಾನು ಲೆಕ್ಕ ಇಡುವುದು ರೆಕಾರ್ಡಿಂಗ್ ದಿನದಿಂದ. ಒಂದು ಕೋಣೆ, ನಾಲ್ಕೈದು ಜನ, ಮೈಕ್ ಮುಂದೆ ಒಬ್ಬರ ಉಸಿರು. ಅವತ್ತು ಅದು ಆಗದೇ ಹೋಗಿದ್ದರೆ ಮುಂದಿನದು ಯಾವುದೂ ಇಲ್ಲ.

ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್ ವಿಷಯ ತಗೊಳ್ಳಿ. ‘ದ ಡಾಕ್ ಆಫ್ ದ ಬೇ’, ಕೊನೆಯಲ್ಲಿ ಸಿಳ್ಳೆ ಬರುತ್ತದಲ್ಲ, ಅದೇ. ರೆಕಾರ್ಡ್ ಆಗಿದ್ದು 1967ರ ನವೆಂಬರ್‌ನಲ್ಲಿ, ಡಿಸೆಂಬರ್ ಮೊದಲ ವಾರದಲ್ಲಿ ಇನ್ನಷ್ಟು ಸೇರಿಸಿದರು. ಡಿಸೆಂಬರ್ 10ಕ್ಕೆ ವಿಸ್ಕಾನ್ಸಿನ್‌ನ ಒಂದು ಕೆರೆಗೆ ಅವರ ವಿಮಾನ ಬಿತ್ತು. ವಯಸ್ಸು 26. ಹಾಡಿನ ಜೊತೆಗಾರ ಸ್ಟೀವ್ ಕ್ರಾಪರ್ ಆ ದುಃಖದಲ್ಲೇ ಕೂತು ಅಲೆಗಳ ಸದ್ದು, ಕಡಲ ಹಕ್ಕಿಗಳ ಸದ್ದು ಹಾಕಿ ಹಾಡು ಮುಗಿಸಿದರು. ಬಿಡುಗಡೆ ಆಗಿದ್ದು 1968ರ ಜನವರಿಯಲ್ಲಿ. ಹಾಡಿದವರು ತೀರಿಕೊಂಡ ಮೇಲೆ ಅಮೆರಿಕದ ಪಟ್ಟಿಯಲ್ಲಿ ನಂಬರ್ ಒನ್ ಆದ ಮೊದಲ ಹಾಡು ಅದು. ಈಗ ಹೇಳಿ, ಜನವರಿಯಲ್ಲಿ ಯಾವ ಬಾಯಿಂದ ಹ್ಯಾಪಿ ಬರ್ತ್‌ಡೇ ಹೇಳುವುದು? ಆ ಸಿಳ್ಳೆಯ ದಿನ ನವೆಂಬರ್ ಆಗಿಯೇ ಇರಲಿ, ಮನುಷ್ಯ ಬದುಕಿದ್ದಾಗಿನದು.

ಅತ್ತಿಗೆ ಕೇಳಿದ್ದರು, ಹಾಡು ಬರೆದ ದಿನ ಲೆಕ್ಕಕ್ಕೆ ಬರುವುದಿಲ್ಲವಾ ಅಂತ. ಬರಬಹುದು, ಆದರೆ ಬರೆದವರಿಗೇ ಗೊತ್ತಿರುವುದಿಲ್ಲ ಅತ್ತಿಗೆ. ಬೀಟಲ್ಸ್ ತಂಡದ ಪಾಲ್ ಮಕಾರ್ಟ್ನಿ ಬೆಳಿಗ್ಗೆ ಎದ್ದಾಗ ‘ಯೆಸ್ಟರ್‌ಡೇ’ ರಾಗ ತಲೆಯಲ್ಲಿತ್ತು. ಇದು ಬೇರೆ ಯಾರದ್ದೋ ರಾಗ ಇರಬೇಕು, ನಾನು ಎಲ್ಲೋ ಕೇಳಿದ್ದೇನೆ ಅಂತ ಸಿಕ್ಕ ಸಿಕ್ಕವರಿಗೆಲ್ಲ ಹಾಡಿ ತೋರಿಸಿ ವಿಚಾರಿಸಿದರು. ಸಾಹಿತ್ಯ ಇರಲಿಲ್ಲ, ಸುಮ್ನೆ ‘ಸ್ಕ್ರ್ಯಾಂಬಲ್ಡ್ ಎಗ್ಸ್’ ಅಂತ ಹಾಡಿಕೊಂಡು ಓಡಾಡುತ್ತಿದ್ದರು. ಕೊನೆಗೆ ರೆಕಾರ್ಡ್ ಮಾಡಿದ್ದು 1965ರ ಜೂನ್ 14ಕ್ಕೆ. ಅದೇ ವರ್ಷ ಅಮೆರಿಕದಲ್ಲಿ ಸಿಂಗಲ್ ಬಂತು, ಬೀಟಲ್ಸ್ ಸ್ವಂತ ದೇಶ ಬ್ರಿಟನ್‌ನಲ್ಲಿ ಸಿಂಗಲ್ ಬಂದಿದ್ದು 1976ರಲ್ಲಿ, ತಂಡವೇ ಇಲ್ಲದಾಗ. ಬಿಡುಗಡೆ ತಾರೀಖು ಅನ್ನುವವರು ಯಾವ ದೇಶದ ಬಿಡುಗಡೆ ಅಂತ ಮೊದಲು ಹೇಳಲಿ.

ಇನ್ನು ನಂಬರ್ ಒನ್ ಆದ ದಿನ ಅನ್ನುವ ಪಾರ್ಟಿ. ನಿಮ್ಮ ವಾದ ನನಗೆ ಅರ್ಥವಾಗುತ್ತದೆ, ಜನರ ಕೈಗೆ ಸೇರಿದಾಗ ತಾನೇ ಹಾಡು. ಆದರೆ ಈ ದಾರಿಯಲ್ಲಿ ಹೋದರೆ ವಯಸ್ಸೇ ಹಾಳಾಗುತ್ತದೆ. ಕೇಟ್ ಬುಷ್ ಹಾಡು ‘ರನ್ನಿಂಗ್ ಅಪ್ ದಟ್ ಹಿಲ್’ 1985ರದ್ದು, ಆಗ ಬ್ರಿಟನ್‌ನಲ್ಲಿ ಮೂರನೇ ಸ್ಥಾನ. 2022ರಲ್ಲಿ ಒಂದು ವೆಬ್ ಸೀರಿಯಲ್‌ನಲ್ಲಿ ಬಂತು, 1985ರಲ್ಲಿ ಹುಟ್ಟಿಯೇ ಇರದ ಮಕ್ಕಳೆಲ್ಲ ಹುಡುಕಿಕೊಂಡು ಹೋಗಿ ಕೇಳಿದರು, ನಂಬರ್ ಒನ್ ಆಯಿತು. 37 ವರ್ಷ ಕಾದ ಹಾಡು! ಜಾರ್ಜ್ ಮೈಕೆಲ್ ಹಾಡಿದ ‘ಲಾಸ್ಟ್ ಕ್ರಿಸ್ಮಸ್’ ಕಥೆ ಇನ್ನೂ ಮಜಾ. 1984ರಲ್ಲಿ ಅದು ಎರಡನೇ ಸ್ಥಾನದಲ್ಲೇ ನಿಂತಿತು, ಯಾಕೆಂದರೆ ಮುಂದೆ ನಿಂತಿದ್ದು ಇಥಿಯೋಪಿಯಾದ ಬರಕ್ಕೆ ಹಣ ಎತ್ತಲು ಎಲ್ಲರೂ ಸೇರಿ ಹಾಡಿದ್ದ ಬ್ಯಾಂಡ್ ಏಡ್ ಹಾಡು. ಅದರಲ್ಲೂ ಜಾರ್ಜ್ ಮೈಕೆಲ್ ಹಾಡಿದ್ದಾರೆ, ಅಂದರೆ ತಮ್ಮ ದಾರಿಗೆ ತಾವೇ ಅಡ್ಡ. ಕೊನೆಗೆ ಅದು ಮೊದಲ ಸ್ಥಾನಕ್ಕೆ ಬಂದಿದ್ದು 2021ರ ಜನವರಿ 1ಕ್ಕೆ, ಅವರು ತೀರಿಕೊಂಡು ನಾಲ್ಕು ವರ್ಷ ಆದ ಮೇಲೆ.

ಅಯ್ಯೋ, ಬಿಲ್ ಹೇಲಿ ಹಾಡನ್ನೇ ಬಿಟ್ಟೆ. ‘ರಾಕ್ ಅರೌಂಡ್ ದ ಕ್ಲಾಕ್’ 1954ರ ಏಪ್ರಿಲ್ 12ಕ್ಕೆ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆಯಿತು. ಅವತ್ತಿನ ಸಮಯವೆಲ್ಲ ಬೇರೊಂದು ಹಾಡಿಗೆ ಹೋಯಿತು, ಉಳಿದ ಸ್ವಲ್ಪ ಹೊತ್ತಿನಲ್ಲಿ ಇದನ್ನು ಗಡಿಬಿಡಿಯಲ್ಲಿ ಎರಡು ಸಲ ಹಾಡಿ ಮುಗಿಸಿದರು. ರೆಕಾರ್ಡಿನ ಹಿಂಬದಿಗೆ ಹಾಕಿದರು, ಯಾರೂ ಅಷ್ಟಾಗಿ ಕೇಳಲಿಲ್ಲ. ಮರುವರ್ಷ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಅನ್ನುವ ಸಿನಿಮಾದ ಶುರುವಿಗೆ ಅದನ್ನು ಹಾಕಿದರು. ಆ ಸಿನಿಮಾದ ನಾಯಕ ಗ್ಲೆನ್ ಫೋರ್ಡ್. ಅವರ ಮಗನ ಹತ್ತಿರ ಈ ರೆಕಾರ್ಡ್ ಇತ್ತು, ಅಲ್ಲಿಂದಲೇ ನಿರ್ದೇಶಕರ ಕೈಗೆ ಹೋಯಿತು ಅಂತ ಆ ಮಗನೇ ಹೇಳಿಕೊಂಡಿದ್ದಾರೆ. 1955ರ ಜುಲೈ 9ಕ್ಕೆ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನ. ರಾಕ್ ಸಂಗೀತ ಅವತ್ತೇ ಶುರುವಾಯಿತು ಅನ್ನುವವರು ಈಗಲೂ ಇದ್ದಾರೆ. ನನಗೆ ಮಾತ್ರ ಆ ಗಡಿಬಿಡಿಯ ಏಪ್ರಿಲ್ ದಿನವೇ ಇಷ್ಟ.

ಈ 50 ವರ್ಷದ ಸಂಭ್ರಮಗಳ ಹಿಂದೆ ಇನ್ನೊಂದು ಸಂಗತಿ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಯುರೋಪಿನಲ್ಲಿ ರೆಕಾರ್ಡಿಂಗ್ ಮೇಲಿನ ಹಕ್ಕು ಮೊದಲು 50 ವರ್ಷ ಮಾತ್ರ ಇತ್ತು. ಅಂದರೆ 1954ರ ಜುಲೈ 5ಕ್ಕೆ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಎಲ್ವಿಸ್ ಹಾಡಿದ ‘ದಟ್ಸ್ ಆಲ್ ರೈಟ್’ 2005 ಹುಟ್ಟುತ್ತಲೇ ಅಲ್ಲಿ ಯಾರು ಬೇಕಾದರೂ ಮಾರಬಹುದಾದ ಸರಕಾಯಿತು. ಕಂಪನಿಗಳಿಗೆ ಹೊಟ್ಟೆ ಉರಿಯದೆ ಇರುತ್ತದಾ? 2011ರಲ್ಲಿ ನಿಯಮ ಬದಲಾಗಿ 70 ವರ್ಷ ಆಯಿತು, ಆದರೆ ಒಂದು ಷರತ್ತು, 50 ವರ್ಷದೊಳಗೆ ಹೊರಗೆ ಬಿಡದೆ ಪೆಟ್ಟಿಗೆಯಲ್ಲೇ ಇಟ್ಟ ರೆಕಾರ್ಡಿಂಗ್‌ಗೆ ಈ ಲಾಭ ಇಲ್ಲ. ಅದಕ್ಕೇ 2012ರ ಕೊನೆಯಲ್ಲಿ ಸೋನಿಯವರು ಬಾಬ್ ಡಿಲನ್ 1962-63ರಲ್ಲಿ ಹಾಡಿದ್ದ ಹಳೆಯ ತುಣುಕುಗಳನ್ನೆಲ್ಲ ಸೇರಿಸಿ ‘50ನೇ ವಾರ್ಷಿಕೋತ್ಸವ ಸಂಗ್ರಹ’ ಅಂತ ಹೆಸರಿಟ್ಟು ತಂದರು. ಎಷ್ಟು ಪ್ರತಿ ಗೊತ್ತಾ? ಸುಮಾರು 100. ಅದರ ಹೆಸರಿನಲ್ಲೇ ‘ಕಾಪಿರೈಟ್ ವಿಸ್ತರಣೆ’ ಅಂತ ರಾಜಾರೋಷವಾಗಿ ಬರೆದಿದ್ದರು. ಪ್ರಾಮಾಣಿಕತೆ ಮೆಚ್ಚಬೇಕು. ಇನ್ನು ಮುಂದೆ 50 ತುಂಬಿದ ಹಾಡಿಗೆ ದೊಡ್ಡ ಪೆಟ್ಟಿಗೆ, ಹೊಸ ಹೊದಿಕೆ, ‘ಇದುವರೆಗೆ ಕೇಳದ’ ಅಂತೆಲ್ಲ ಬಂದರೆ ಇದನ್ನೂ ಒಂದು ಸಲ ನೆನಪಿಸಿಕೊಳ್ಳಿ.

ಅಂದ ಹಾಗೆ ಆ ಎಲ್ವಿಸ್ ಹಾಡೂ ಎಲ್ವಿಸ್‌ದಲ್ಲ. ಆರ್ಥರ್ ಕ್ರುಡಪ್ ಅನ್ನುವ ಬ್ಲೂಸ್ ಗಾಯಕ 1946ರಲ್ಲೇ ಹಾಡಿದ್ದರು, ಬರೆದವರೂ ಅವರೇ. ಅವರಿಗೆ ಬರಬೇಕಾದ ಹಣ ಸರಿಯಾಗಿ ಬರಲೇ ಇಲ್ಲ. 2004ರಲ್ಲಿ ಎಲ್ವಿಸ್ ಹಾಡಿಗೆ 50 ತುಂಬಿತು ಅಂತ ಮತ್ತೆ ಬಿಡುಗಡೆ ಮಾಡಿದರು, ಬ್ರಿಟನ್‌ನಲ್ಲಿ ಮೂರನೇ ಸ್ಥಾನಕ್ಕೂ ಹೋಯಿತು. ಆ ಹೊತ್ತಿಗೆ ಕ್ರುಡಪ್ ಹಾಡಿಗೆ 58. ಅದನ್ನು ಯಾರು ಕೇಳಿದರು?

ಹುಟ್ಟುಹಬ್ಬಕ್ಕೇ ಹುಟ್ಟುಹಬ್ಬ ಬಂದದ್ದೂ ಇದೆ. ಅಮೆರಿಕದ ಮೋಟೌನ್ ಅನ್ನುವ ರೆಕಾರ್ಡ್ ಕಂಪನಿಗೆ 25 ತುಂಬಿತು ಅಂತ 1983ರಲ್ಲಿ ಒಂದು ಟಿವಿ ಕಾರ್ಯಕ್ರಮ ಮಾಡಿದರು. ಮಾರ್ಚ್ 25ಕ್ಕೆ ಚಿತ್ರೀಕರಣ, ಮೇ 16ಕ್ಕೆ ಪ್ರಸಾರ. ಅದರಲ್ಲೇ ಮೈಕೆಲ್ ಜಾಕ್ಸನ್ ‘ಬಿಲ್ಲಿ ಜೀನ್’ ಹಾಡಿಗೆ ಮೂನ್‌ವಾಕ್ ಮಾಡಿದ್ದು. ಈಗ ಜನ ನೆನಪಿಟ್ಟುಕೊಂಡಿರುವುದು ಮೂನ್‌ವಾಕ್‌ಗೆ ಎಷ್ಟು ವರ್ಷ ಆಯಿತು ಅಂತ, ಮೋಟೌನ್‌ಗೆ ಎಷ್ಟು ಅಂತ ಅಲ್ಲ. ಅದರ ಮೇಲೆ ‘ಬಿಲ್ಲಿ ಜೀನ್’ ಮೋಟೌನ್ ಹಾಡೇ ಅಲ್ಲ! ಮದುವೆ ಮನೆಗೆ ಬಂದ ನೆಂಟ ಮದುಮಗನಾದ ಹಾಗಾಯಿತು.

ಸರಿ, ಇಷ್ಟೆಲ್ಲ ಜಂಬದಿಂದ ರೆಕಾರ್ಡಿಂಗ್ ದಿನ, ರೆಕಾರ್ಡಿಂಗ್ ದಿನ ಅಂದೆನಲ್ಲ, ನನ್ನ ಬಾಯಿ ಮುಚ್ಚಿಸುವ ಹಾಡೂ ಒಂದಿದೆ. ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಬೀಟಲ್ಸ್‌ನ ‘ನೌ ಅಂಡ್ ದೆನ್’. ಜಾನ್ ಲೆನನ್ 1970ರ ದಶಕದ ಕೊನೆಗೆ ಮನೆಯಲ್ಲಿ ಪಿಯಾನೋ ಮುಂದೆ ಕೂತು ಕ್ಯಾಸೆಟ್‌ನಲ್ಲಿ ಹಾಡಿಟ್ಟಿದ್ದರು. 1980ರಲ್ಲಿ ಅವರ ಕೊಲೆ ಆಯಿತು. 1995ರಲ್ಲಿ ಉಳಿದ ಮೂವರು ಸೇರಿ ಕೈ ಹಾಕಿದರು, ಕ್ಯಾಸೆಟ್‌ನಲ್ಲಿ ಪಿಯಾನೋ ಸದ್ದಿನಿಂದ ದನಿ ಬಿಡಿಸಲಾಗದೆ ಕೈಬಿಟ್ಟರು. 2001ರಲ್ಲಿ ಜಾರ್ಜ್ ಹ್ಯಾರಿಸನ್ ಹೋದರು. ಆಮೇಲೆ ಕಂಪ್ಯೂಟರ್‌ಗೆ ದನಿ ಬೇರೆ ಮಾಡುವುದನ್ನು ಕಲಿಸಿದ ಮೇಲೆ ಲೆನನ್ ದನಿ ಶುದ್ಧವಾಗಿ ಸಿಕ್ಕಿತು, ಜಾರ್ಜ್ 1995ರಲ್ಲಿ ನುಡಿಸಿದ್ದ ಗಿಟಾರ್ ಇತ್ತು, ಪಾಲ್ ಮತ್ತು ರಿಂಗೋ ಉಳಿದದ್ದು ಸೇರಿಸಿದರು. 2023ರ ನವೆಂಬರ್ 2ಕ್ಕೆ ಬಿಡುಗಡೆ. ಮುಂದಿನ ವಾರ ಬ್ರಿಟನ್‌ನಲ್ಲಿ ನಂಬರ್ ಒನ್, ಅಲ್ಲಿಗೆ ಬೀಟಲ್ಸ್ ಕೊನೆಯ ಸಲ ಆ ಜಾಗದಲ್ಲಿ ನಿಂತು 54 ವರ್ಷ ಆಗಿತ್ತು. ನಾಲ್ವರೂ ಇರುವ ಹಾಡು, ಆದರೆ ನಾಲ್ವರೂ ಒಂದೇ ಕೋಣೆಯಲ್ಲಿ ಇಲ್ಲ. ನಾನು ಹೇಳಿದ ಆ ‘ಒಂದು ಕೋಣೆ, ನಾಲ್ಕೈದು ಜನ’ ಇಲ್ಲಿ ಎಲ್ಲಿದೆ?

ಅದಕ್ಕೆ ನಮ್ಮ ಗುಂಪಿನಲ್ಲಿ ಹಾಡಿನ ಹುಟ್ಟುಹಬ್ಬ ಹಾಕುವಾಗ ಪಕ್ಕದಲ್ಲಿ ರೆಕಾರ್ಡಿಂಗಾ, ಬಿಡುಗಡೆಯಾ, ನಂಬರ್ ಒನ್ನಾ ಅಂತ ಒಂದು ಪದ ಸೇರಿಸಿ ಪುಣ್ಯ ಕಟ್ಟಿಕೊಳ್ಳಿ. ‘ನೌ ಅಂಡ್ ದೆನ್’ಗೆ ಏನು ಬರೆಯಬೇಕು ಅಂತ ಆ ಆಗಸ್ಟ್ ಅಂದವರೇ ಹೇಳಲಿ, ಅವರು ನಿನ್ನೆಯಿಂದ ಬರೀ ಓದುತ್ತಿದ್ದಾರೆ, ನೀಲಿ ಗೆರೆ ನನಗೆ ಕಾಣಿಸುತ್ತಿದೆ.